ಹಳೆಯ ಕಾರು ಕೈಗೆ ಬಂದ ಮೇಲೆ: ಮೊದಲು ನಿಲ್ಲಲಿ, ಆಮೇಲೆ ಓಡಲಿ, ಕೊನೆಗೆ ಹೊಳೆಯಲಿ

ಕ್ಲಾಸಿಕ್ ಕಾರು ಕೊಂಡವರ ಕೈ ಮೊದಲು ಹೋಗುವುದು ಪಾಲಿಶ್ ಡಬ್ಬಿಗೆ. ಕ್ರೋಮ್ ಬಂಪರಿನ ಹೊಳಪಿಗೆ ಮರುಳಾಗಿಯೇ ಅರ್ಧ ಜನ ಈ ಗೀಳಿಗೆ ಬೀಳುತ್ತಾರೆ, ಆದ್ದರಿಂದ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ನಲವತ್ತು ಐವತ್ತು ವರ್ಷ ಕಂಡ ಕಾರಿನ ಕೆಲಸಗಳಿಗೆ ಒಂದು ಕ್ರಮವಿದೆ. ಕಾರು ಮೊದಲು ನಿಲ್ಲಬೇಕು, ಬೆಂಕಿ ಹತ್ತಿಕೊಳ್ಳಬಾರದು, ಆಮೇಲೆ ಸರಿಯಾಗಿ ಓಡಬೇಕು. ಹೊಳಪಿನ ಸರದಿ ಕೊನೆಯದು. ಈ ಕ್ರಮ ತಲೆಕೆಳಗಾದ ಕಾರುಗಳನ್ನು ಸುಲಭವಾಗಿ ಗುರುತಿಸಬಹುದು: ಬಣ್ಣ ಕನ್ನಡಿಯಂತಿರುತ್ತದೆ, ಬ್ರೇಕ್ ಪೆಡಲ್ ನೆಲ ಮುಟ್ಟುತ್ತದೆ.

ಇಂದಿನ ಕಾರನ್ನು ಹದಿನೈದು ಸಾವಿರ ಕಿಲೋಮೀಟರ್ ಬಾನೆಟ್ ತೆರೆಯದೆ ಓಡಿಸುವವರಿದ್ದಾರೆ. 1950-60ರ ದಶಕದ ಕಾರಿನ ಕೈಪಿಡಿ ತೆರೆದು ನೋಡಿ. ವಾರಕ್ಕೊಮ್ಮೆ ನೀರು, ಆಯಿಲ್ ಮಟ್ಟ, ಟೈರಿನ ಗಾಳಿ. ಸಾವಿರ ಮೈಲಿಗೊಮ್ಮೆ ಗ್ರೀಸ್. ಮೂರು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಾವಣೆ ಎಂಬಂಥ ಪಟ್ಟಿ ಅಲ್ಲಿರುತ್ತದೆ. ಕಾರು ಕಳಪೆ ಎಂದು ಈ ಪಟ್ಟಿ ಬಂದದ್ದಲ್ಲ. ಮಾಲೀಕ ಆಗಾಗ ಬಾನೆಟ್ ತೆರೆಯುತ್ತಾನೆ ಎಂದು ನಂಬಿಯೇ ಆ ಕಾರನ್ನು ವಿನ್ಯಾಸ ಮಾಡಿದ್ದರು. ಆ ನಂಬಿಕೆ ಉಳಿಸಿಕೊಂಡವರಿಗೆ ಹಳೆಯ ಕಾರು ಸಾಮಾನ್ಯವಾಗಿ ದಿಢೀರನೆ ಕೈಕೊಡುವುದಿಲ್ಲ. ಮುಂಚೆಯೇ ಸದ್ದು, ವಾಸನೆ, ಸೋರಿಕೆಗಳಲ್ಲಿ ಹೇಳಿ ಕೆಡುತ್ತದೆ.

ಪುಸ್ತಕ ಮೊದಲು, ಸ್ಪ್ಯಾನರ್ ಆಮೇಲೆ

ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿ ಮತ್ತು ಬಿಡಿಭಾಗಗಳ ಕ್ಯಾಟಲಾಗ್ ಎರಡನ್ನೂ ಹುಡುಕಿ ಇಟ್ಟುಕೊಳ್ಳಿ. ಎರಡನೆಯದನ್ನು ಹಲವರು ಕಡೆಗಣಿಸುತ್ತಾರೆ. ಆದರೆ ಯಾವ ವಾಷರ್ ಯಾವ ಸ್ಪ್ರಿಂಗಿನ ಹಿಂದೆ ಬರುತ್ತದೆ ಎಂಬ ಜಗಳವನ್ನು ತೀರ್ಮಾನಿಸುವುದು ಅದರ ಬಿಡಿಸಿಟ್ಟ ಚಿತ್ರಗಳೇ. ಈ ಲೇಖನದಲ್ಲಿ ಬರುವ ಅಳತೆಗಳು ಬಹುಪಾಲು ಕಾರುಗಳಿಗೆ ಹತ್ತಿರವಾದವು. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ.

ಹತಾರಗಳನ್ನು ಕೊಳ್ಳುವ ಮುನ್ನ ಕಾರು ಯಾವ ಅಳತೆಯದು ಎಂದು ತಿಳಿಯಿರಿ. ಜರ್ಮನ್, ಇಟಾಲಿಯನ್, ಜಪಾನೀ ಕಾರುಗಳು ಮೆಟ್ರಿಕ್. ಅಮೆರಿಕದ ಹಳೆಯ ಕಾರುಗಳು ಇಂಚು. ಬ್ರಿಟಿಷ್ ಕಾರುಗಳಲ್ಲಿ ಹಳೆಯವಕ್ಕೆ ವಿಟ್‌ವರ್ತ್ ಅಳತೆ, ನಂತರದವಕ್ಕೆ ಇಂಚಿನ ಎಎಫ್ ಅಳತೆ (ನಟ್ಟಿನ ಎದುರುಬದುರು ಮುಖಗಳ ನಡುವಿನ ಅಂತರ), ಕೆಲವೊಮ್ಮೆ ಒಂದೇ ಕಾರಿನಲ್ಲಿ ಎರಡೂ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆಯೇ ಕಾಣುತ್ತದೆ; ಬಿಗಿಯಾದ ನಟ್ಟಿನ ಮೇಲೆ ಬಲ ಹಾಕಿದಾಗ ಮೂಲೆಗಳು ಸವೆದು ದುಂಡಗಾಗುತ್ತವೆ. ತುಕ್ಕು ಹಿಡಿದ ನಟ್ಟುಗಳಿಗೆ ಹನ್ನೆರಡು ಮೂಲೆಯ ಸಾಕೆಟ್ ಬೇಡ, ಆರು ಮೂಲೆಯದೇ ಇರಲಿ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿಡಿ. ಕೆಲವು ಕಾರುಗಳ ಎಡಬದಿಯ ಚಕ್ರದ ನಟ್ಟುಗಳಿಗೆ ಎಡಸುತ್ತಿನ ತಿರುಪು ಇರುತ್ತದೆ, ಬಿಚ್ಚುವ ದಿಕ್ಕು ಉಲ್ಟಾ. ಗೊತ್ತಿಲ್ಲದೆ ಪೈಪ್ ಸಿಕ್ಕಿಸಿ ಬಲಪ್ರಯೋಗ ಮಾಡಿ ಸ್ಟಡ್ ಮುರಿದವರು ಬಹಳ.

ಇದರ ಜೊತೆಗೆ ಬೇಕಾದವು: ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಹಾಳೆಗಳು), ಮಲ್ಟಿಮೀಟರ್, ಗ್ರೀಸ್ ಗನ್, ಟಾರ್ಕ್ ರೆಂಚ್, ಟೈಮಿಂಗ್ ಲೈಟ್. ಇವೆಲ್ಲಕ್ಕಿಂತ ಮೊದಲು ಒಂದು ಜೊತೆ ಗಟ್ಟಿ ಸ್ಟ್ಯಾಂಡ್. ಜಾಕ್ ಇರುವುದು ಕಾರನ್ನು ಎತ್ತಲು ಮಾತ್ರ, ಹಿಡಿದು ನಿಲ್ಲಿಸಲು ಅಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆಯಲ್ಲ, ಕೈಯನ್ನೂ ಹಾಕಬೇಡಿ. ಹಳೆಯ ಕಾರಿನಲ್ಲಿ ಜಾಕ್ ಕೊಡುವ ಜಾಗವೇ ತುಕ್ಕು ತಿಂದು ಟೊಳ್ಳಾಗಿರುವ ಸಾಧ್ಯತೆಯೂ ಇದೆ.

ಒಂದು ನೋಟ್‌ಬುಕ್ ತೆರೆಯಿರಿ. ದಿನಾಂಕ, ಓಡೋಮೀಟರ್, ಏನು ಬದಲಿಸಿದಿರಿ, ಯಾವ ಅಳತೆಗೆ ಹೊಂದಿಸಿದಿರಿ, ಎಲ್ಲವನ್ನೂ ಬರೆಯಿರಿ. ಏನನ್ನಾದರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಬ್ರೇಕ್: ಇಲ್ಲಿ ಉಳಿತಾಯ ಬೇಡ

ಹಿಂದಿನ ಮಾಲೀಕ ಏನೇ ಹೇಳಿರಲಿ, ಬ್ರೇಕ್ ವ್ಯವಸ್ಥೆಯನ್ನು ಯಾರೂ ಮುಟ್ಟಿಲ್ಲ ಎಂದೇ ತಿಳಿದು ಕೆಲಸ ಶುರುಮಾಡಿ. 1960ರ ದಶಕದ ಮಧ್ಯದವರೆಗಿನ ಬಹುಪಾಲು ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಸರ್ಕ್ಯೂಟ್. ಎಲ್ಲಿ ಒಂದು ಹೋಸ್ ಒಡೆದರೂ ಪೆಡಲಿಗೆ ಏನೂ ಉಳಿಯುವುದಿಲ್ಲ. ಹ್ಯಾಂಡ್ ಬ್ರೇಕ್ ಒಂದೇ ಗತಿ. ಹಾಗಾಗಿ ಹ್ಯಾಂಡ್ ಬ್ರೇಕನ್ನೂ ಅಲಂಕಾರದ ವಸ್ತುವಾಗಿ ಬಿಡಬೇಡಿ.

ಕಾರು ನಿಂತಿರುವಾಗಲೇ ಮಾಡಬಹುದಾದ ಪರೀಕ್ಷೆ ಇದು. ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿಯಿರಿ. ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ (ಪೆಡಲಿನ ಒತ್ತಡವನ್ನು ಬ್ರೇಕ್ ಫ್ಲೂಯಿಡಿಗೆ ದಾಟಿಸುವ ಮುಖ್ಯ ಸಿಲಿಂಡರ್) ಒಳಗಿನ ರಬ್ಬರ್ ಸವೆದಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡು ಮೂರು ಸಲ ಒತ್ತಿದ ಮೇಲೆ ಮೇಲೆ ನಿಂತರೆ ಹೆಚ್ಚಾಗಿ ಬ್ರೇಕ್ ಶೂಗಳು ಡ್ರಮ್ಮಿನಿಂದ ದೂರ ಸರಿದಿವೆ, ಹೊಂದಿಸಬೇಕು.

ನಂತರ ಡ್ರಮ್ ಕಳಚಿ ನೋಡಿ. ವೀಲ್ ಸಿಲಿಂಡರಿನ ರಬ್ಬರ್ ಹೊದಿಕೆಯ ಅಂಚನ್ನು ಮೆಲ್ಲನೆ ಎತ್ತಿದಾಗ ಒದ್ದೆ ಕಂಡರೆ ಆ ಸಿಲಿಂಡರ್ ಮುಗಿದಿದೆ. ಒಂದು ಎಚ್ಚರಿಕೆ: ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ದೂಳನ್ನು ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮೂಗಿಗೆ ಸರಿಯಾದ ಮಾಸ್ಕ್ ಇರಲಿ.

ರಬ್ಬರ್ ಹೋಸ್‌ಗಳು ಮೋಸದ ವಸ್ತುಗಳು. ಹೊರಗೆ ಚೆನ್ನಾಗಿ ಕಾಣುವಾಗಲೇ ಒಳಗೆ ಊದಿಕೊಂಡು ದಾರಿ ಮುಚ್ಚಿಕೊಂಡಿರುತ್ತವೆ. ಪೆಡಲಿನ ಒತ್ತಡಕ್ಕೆ ಫ್ಲೂಯಿಡ್ ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಆ ಚಕ್ರದ ಬ್ರೇಕ್ ಹಿಡಿದೇ ಇರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಬಳಿ ಕೈ ತಂದು ನೋಡಿ. ಒಂದು ಮಾತ್ರ ಕಾದಿದ್ದರೆ ಅನುಮಾನ ಅಲ್ಲಿ. ವಯಸ್ಸು ಗೊತ್ತಿಲ್ಲದ ಹೋಸ್‌ಗಳನ್ನು ಪರೀಕ್ಷೆಗೆ ಒಡ್ಡದೆ ಬದಲಿಸಿಬಿಡುವುದು ನನ್ನ ಪದ್ಧತಿ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಫ್ಲೂಯಿಡ್ ಕುದಿದರೆ ಪೈಪಿನಲ್ಲಿ ಆವಿ, ಕಾಲ ಕೆಳಗೆ ಶೂನ್ಯ. ಜೊತೆಗೆ ಆ ತೇವವೇ ಸಿಲಿಂಡರುಗಳ ಒಳಗೆ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಡಾಟ್ 3, ಡಾಟ್ 4 ಒಂದೇ ಕುಲದವು. ಡಾಟ್ 5 ಸಿಲಿಕೋನ್ ಆಧಾರಿತ, ಅದನ್ನು ಇವುಗಳೊಂದಿಗೆ ಬೆರೆಸಲೇಬಾರದು. ತೀರಾ ಹಳೆಯ ಕೆಲವು ಕಾರುಗಳು, ಹಲವು ಸಿಟ್ರೊಯೆನ್ ಮಾದರಿಗಳು ಬೇರೆಯೇ ಬಗೆಯ ದ್ರವ ಕೇಳುತ್ತವೆ. ಮುಚ್ಚಳ ತೆರೆಯುವ ಮೊದಲು ಕೈಪಿಡಿ ನೋಡಿ.

ಫ್ಲೂಯಿಡ್ ಬದಲಿಸುವ ಕ್ರಮ:

1. ಮಾಸ್ಟರ್ ಸಿಲಿಂಡರಿನ ಡಬ್ಬಿಯ ಸುತ್ತ ಒರೆಸಿ, ಬಟ್ಟೆ ಹಾಸಿ. ಫ್ಲೂಯಿಡ್ ಬಿದ್ದರೆ ಬಣ್ಣ ಏಳುತ್ತದೆ. ಬಿದ್ದ ತಕ್ಷಣ ನೀರು ಹಾಕಿ ತೊಳೆಯಿರಿ.
2. ಡಬ್ಬಿಯ ಹಳೆಯ ಕಪ್ಪು ದ್ರವವನ್ನು ಹೀರಿ ತೆಗೆದು ಹೊಸದನ್ನು ತುಂಬಿ.
3. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ತೀರ ದೂರದ ಚಕ್ರದಿಂದ ಆರಂಭ. ಬ್ಲೀಡ್ ನಿಪ್ಪಲ್‌ಗೆ (ಚಕ್ರದ ಹಿಂಬದಿಯಲ್ಲಿ ಗಾಳಿ, ಫ್ಲೂಯಿಡ್ ಹೊರಬಿಡುವ ತಿರುಪು) ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಫ್ಲೂಯಿಡ್ ಇರುವ ಸೀಸೆಯಲ್ಲಿ ಮುಳುಗಿಸಿ.
4. ಜೊತೆಗಾರ ಪೆಡಲ್ ಒತ್ತಿದಾಗ ನಿಪ್ಪಲ್ ತೆರೆಯಿರಿ, ಪೆಡಲ್ ಬಿಡುವ ಮೊದಲು ಮುಚ್ಚಿ. ಗುಳ್ಳೆ ನಿಂತು ಹೊಸ ಬಣ್ಣದ ದ್ರವ ಬರುವವರೆಗೆ ಹೀಗೆಯೇ.
5. ಡಬ್ಬಿ ಖಾಲಿಯಾಗಲು ಬಿಡಬೇಡಿ. ಖಾಲಿಯಾದರೆ ಮೊದಲಿನಿಂದ ಶುರು.

ನಾಲ್ಕನೆಯ ಹಂತದಲ್ಲಿ ಒಂದು ಸೂಕ್ಷ್ಮವಿದೆ. ಪೆಡಲನ್ನು ನೆಲದವರೆಗೆ ತುಳಿಸಬೇಡಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ವರ್ಷಗಟ್ಟಲೆ ಪಿಸ್ಟನ್ ಮುಟ್ಟದ ಸಿಲಿಂಡರಿನ ತುದಿಯಲ್ಲಿ ತುಕ್ಕಿನ ಗೆರೆ ಇರುತ್ತದೆ. ರಬ್ಬರ್ ಅದರ ಮೇಲೆ ಉಜ್ಜಿದರೆ ಅಂದೇ ಹರಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಸಂಜೆ ಸೋರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಡ್ರಮ್ ಬ್ರೇಕ್ ಹೊಂದಿಸಲು ಚಕ್ರ ಎತ್ತಿ, ಅಡ್ಜಸ್ಟರನ್ನು ಚಕ್ರ ಕಚ್ಚಿಕೊಳ್ಳುವವರೆಗೆ ಬಿಗಿ ಮಾಡಿ, ನಂತರ ಚಕ್ರ ತಿರುಗುವಷ್ಟು ಮಾತ್ರ ಸಡಿಲಿಸಿ. ಪೆಡಲನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಶೂಗಳನ್ನು ನಡುವಿಗೆ ತಂದು ಮತ್ತೆ ನೋಡಿ. ಹಿಂದಿನ ಬ್ರೇಕ್ ಹೊಂದಿಸದೆ ಹ್ಯಾಂಡ್ ಬ್ರೇಕಿನ ಕೇಬಲ್ ಎಳೆದು ಬಿಗಿಮಾಡುವುದು ರೋಗ ಬಿಟ್ಟು ಲಕ್ಷಣಕ್ಕೆ ಔಷಧ ಕೊಟ್ಟಂತೆ.

ಟೈರ್

ಅಚ್ಚು ಆಳವಾಗಿದೆ ಎಂದು ನಂಬಬೇಡಿ. ಕಡಿಮೆ ಓಡುವ ಕಾರಿನ ಟೈರ್ ಸವೆದು ಸಾಯುವುದಿಲ್ಲ, ಮುಪ್ಪಿನಿಂದ ಸಾಯುತ್ತದೆ. ಪಕ್ಕದ ಗೋಡೆಯ ಮೇಲೆ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೆಯ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನದು, ಮಾತೇ ಬೇಡ. ಹತ್ತು ವರ್ಷ ದಾಟಿದ್ದನ್ನು, ಬಿರುಕು ಬಿಟ್ಟಿದ್ದನ್ನು ತೆಗೆದುಹಾಕಿ. ಸ್ಟೆಪ್ನಿಯನ್ನೂ ನೋಡಿ, ಕಾರಿನ ಜೊತೆ ಬಂದ ಮೂಲ ಟೈರು ಇನ್ನೂ ಅಲ್ಲಿ ಮಲಗಿರಬಹುದು.

ಪೆಟ್ರೋಲ್, ತಂತಿ, ಬೆಂಕಿ

ಹಳೆಯ ಕಾರಿಗೆ ಬೆಂಕಿ ಹತ್ತಲು ಎರಡು ದಾರಿ: ಸೋರುವ ಪೆಟ್ರೋಲ್ ಪೈಪ್, ಸುಟ್ಟ ವೈರಿಂಗ್. ಎರಡನ್ನೂ ಒಂದು ವಾರಾಂತ್ಯದಲ್ಲಿ ಮುಚ್ಚಬಹುದು.

ಇಂದು ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಇ5, ಇ10, ಇ20 ಎಂಬ ಹೆಸರುಗಳಲ್ಲಿರುವ ಅಂಕಿ ಅದರ ಗರಿಷ್ಠ ಶೇಕಡಾವಾರು ಪ್ರಮಾಣ. ಹಳೆಯ ರಬ್ಬರನ್ನು ಅದು ಮೆತ್ತಗಾಗಿಸುತ್ತದೆ ಇಲ್ಲವೇ ಬಿರುಕು ಬಿಡಿಸುತ್ತದೆ, ತೇವ ಹೀರಿಕೊಂಡು ಟ್ಯಾಂಕ್ ಮತ್ತು ಕಾರ್ಬುರೇಟರಿನ ಲೋಹವನ್ನು ಕೊರೆಯುತ್ತದೆ, ಟ್ಯಾಂಕಿನ ತಳದ ಹಳೆಯ ಕೆಸರನ್ನು ಕಲಕಿ ಫಿಲ್ಟರಿಗೆ ತರುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಇರುವ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುರುತು ನೋಡಿ ಕೊಳ್ಳಿ. ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಸೀಲುಗಳೂ ಇದೇ ಲೆಕ್ಕಕ್ಕೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅಥವಾ ಬಿಸಿ ಸೈಲೆನ್ಸರ್ ಪೈಪಿನ ನೇರ ಮೇಲೆ ಪ್ಲಾಸ್ಟಿಕ್ ಫಿಲ್ಟರ್ ತೂಗುಬಿಟ್ಟಿರುವುದನ್ನು ನೋಡಿದರೆ ಆ ಕ್ಷಣವೇ ಸರಿಸಿ.

ಸೀಸರಹಿತ ಪೆಟ್ರೋಲಿನ ಬಗ್ಗೆ ಹೊಸಬರು ಅನವಶ್ಯಕವಾಗಿ ಹೆದರುತ್ತಾರೆ. ಗಟ್ಟಿ ವಾಲ್ವ್ ಸೀಟುಗಳಿಲ್ಲದ ಹಳೆಯ ಎರಕದ ಕಬ್ಬಿಣದ ಸಿಲಿಂಡರ್ ಹೆಡ್‌ಗಳಲ್ಲಿ ಸೀಟು ಸವೆದು ವಾಲ್ವ್ ಒಳಗೆ ಕೂರುವುದು ನಿಜ. ಆದರೆ ಅದು ಹೆಚ್ಚಾಗಿ ದೀರ್ಘಕಾಲ ವೇಗವಾಗಿ ಓಡಿಸುವವರ ಸಮಸ್ಯೆ. ಟ್ಯಾಪೆಟ್ ಸಂದನ್ನು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ) ಪ್ರತಿ ಸರ್ವೀಸಿನಲ್ಲೂ ಅಳೆದು ಬರೆದಿಡಿ. ಎಕ್ಸಾಸ್ಟ್ ವಾಲ್ವಿನ ಸಂದು ಪ್ರತಿಸಲವೂ ಕಿರಿದಾಗುತ್ತಿದ್ದರೆ ಮಾತ್ರ ಚಿಂತಿಸಿ.

ವಿದ್ಯುತ್ತಿನ ವಿಷಯ. ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ನೋಡಿ. 1960ರ ದಶಕದವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ಥ್. ಅಭ್ಯಾಸಬಲದಿಂದ ನೆಗೆಟಿವ್ ಅರ್ಥ್ ಎಂದುಕೊಂಡು ರೇಡಿಯೊ ಕೂರಿಸಿದರೆ ಹೊಗೆ ಬರುತ್ತದೆ. ಯಾವ ಕಾರೇ ಇರಲಿ, ಕಳಚುವಾಗ ಅರ್ಥ್ ತುದಿ ಮೊದಲು, ಜೋಡಿಸುವಾಗ ಕೊನೆಗೆ. ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿ, ನಿಲ್ಲಿಸಿದಾಗಲೆಲ್ಲ ಅದನ್ನು ಆರಿಸಿ. ಇಷ್ಟು ಸಣ್ಣ ಖರ್ಚಿಗೆ ಇಷ್ಟು ನಿಶ್ಚಿಂತೆ ಕೊಡುವ ಸಾಮಾನು ಮತ್ತೊಂದಿಲ್ಲ.

ಫ್ಯೂಸಿನಲ್ಲಿ ಒಂದು ಗುಟ್ಟಿದೆ. ಹಳೆಯ ಬ್ರಿಟಿಷ್ ಗಾಜಿನ ಫ್ಯೂಸಿನ ಮೇಲೆ 35 ಆಂಪಿಯರ್ ಎಂದಿದ್ದರೆ ಅದು ಫ್ಯೂಸ್ ಸುಟ್ಟುಹೋಗುವ ಪ್ರಮಾಣ. ನಿರಂತರವಾಗಿ ಅದು ತಾಳುವುದು 17 ಆಂಪಿಯರ್. ಅದರ ಜಾಗದಲ್ಲಿ ಹೊಸ ಕಾಲದ 35ರ ಫ್ಯೂಸ್ ಹಾಕಿದರೆ ಅದು 35ನ್ನೂ ಸಲೀಸಾಗಿ ಹೊರುತ್ತದೆ, ಸುಡುವ ಸರದಿ ತಂತಿಯದಾಗುತ್ತದೆ. ಇನ್ನು ಮಂಕು ದೀಪ, ಸೋಮಾರಿ ಸ್ಟಾರ್ಟರ್, ಇಂಡಿಕೇಟರ್ ಹಾಕಿದಾಗ ಮಿನುಗುವ ಬ್ರೇಕ್ ಲೈಟ್ ಇಂಥವಕ್ಕೆಲ್ಲ ಹೊಸ ಭಾಗ ಕೊಳ್ಳುವ ಮೊದಲು ಅರ್ಥ್ ಸಂಪರ್ಕಗಳನ್ನು ಕಳಚಿ, ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿಮಾಡಿ. ಎಂಜಿನ್ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿಯನ್ನು ಮರೆಯಬೇಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, ಆಲ್ಟರ್ನೇಟರ್ ಇರುವ ಕಾರಿನಲ್ಲಿ ಎಂಜಿನ್ ಓಡುವಾಗ 14ರ ಆಸುಪಾಸು. ಡೈನಮೊ ಇರುವ ಕಾರು ನಿಂತಲ್ಲೇ ನಿಧಾನವಾಗಿ ಓಡುವಾಗ ಹೆಚ್ಚೇನೂ ಚಾರ್ಜ್ ಮಾಡುವುದಿಲ್ಲ, ಅದು ದೋಷವಲ್ಲ.

ಕೈಗೆಟುಕುವ ಜಾಗದಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ. ಡಿಕ್ಕಿಯ ತಳದಲ್ಲಿ ಚೀಲಗಳ ಕೆಳಗೆ ಇರುವುದು ಕೈಗೆಟುಕುವ ಜಾಗವಲ್ಲ.

ಬಹುಕಾಲ ನಿಂತಿದ್ದ ಎಂಜಿನ್ನನ್ನು ಎಬ್ಬಿಸುವುದು

ಕೀಲಿ ತಿರುಗಿಸುವ ಆಸೆಯನ್ನು ಒಂದು ದಿನ ಮುಂದೂಡಿ. ಹಳೆಯ ಪೆಟ್ರೋಲ್ ತೆಗೆಯಿರಿ. ವಾರ್ನಿಶ್ ವಾಸನೆ ಬಂದರೆ ಟ್ಯಾಂಕನ್ನೇ ತೊಳೆಸಬೇಕು. ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ನಿಲ್ಲಿಸಿ, ಬಲ ಹಾಕಬೇಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಸ್ಟಾರ್ಟ್ ಮಾಡುವ ಮುನ್ನವೇ ಬೆಲ್ಟ್ ಬದಲಿಸಿ.

ಈಗ ಇಗ್ನಿಷನ್ ಕಾಯಿಲಿನ ಲೋ ಟೆನ್ಷನ್ ತಂತಿ ಕಳಚಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ. ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಅಥವಾ ದೀಪ ಆರುವವರೆಗೆ. ಹತ್ತು ಸೆಕೆಂಡ್ ತಿರುಗಿಸಿ, ಸ್ಟಾರ್ಟರಿಗೆ ಉಸಿರಾಡಲು ಬಿಟ್ಟು ಮತ್ತೆ ತಿರುಗಿಸಿ. ಆಮೇಲೆಯೇ ಪ್ಲಗ್, ಆಮೇಲೆಯೇ ಕಿಡಿ. ಸ್ಟಾರ್ಟ್ ಆದ ಮೇಲೆ ಮೊದಲ ಹತ್ತು ನಿಮಿಷ ನೀಲಿ ಹೊಗೆ ಬರುತ್ತದೆ, ನೀವು ಬಿಟ್ಟ ಆಯಿಲ್ ಅದು, ಗಾಬರಿ ಬೇಡ.

ಯಾವ ಆಯಿಲ್?

ಇಷ್ಟು ವಾದ ನಡೆಯುವ ವಿಷಯ ಈ ಲೋಕದಲ್ಲಿ ಬೇರೆ ಇಲ್ಲ, ಆದರೆ ವಿಷಯ ಇಷ್ಟೆ. 1950ರಿಂದ 70ರ ದಶಕದ ಬಹುಪಾಲು ಎಂಜಿನ್‌ಗಳಿಗೆ 20ಡಬ್ಲ್ಯೂ-50 ಖನಿಜ ಆಯಿಲ್ ಒಗ್ಗುತ್ತದೆ. ಆ ಎಂಜಿನ್‌ಗಳ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜುತ್ತವೆ. ಅವನ್ನು ಕಾಯುವುದು ಆಯಿಲಿನಲ್ಲಿರುವ ಸತು-ರಂಜಕದ ಸಂಯುಕ್ತ. ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರಿಗೆ ಅದು ಹಾನಿ ಮಾಡುವುದರಿಂದ ಹೊಸ ತೆಳು ಆಯಿಲ್‌ಗಳಲ್ಲಿ ಅದನ್ನು ಇಳಿಸಿದ್ದಾರೆ. ತುಂಬಾ ದುಬಾರಿ, ತುಂಬಾ ಆಧುನಿಕ ಆಯಿಲ್ ಇಲ್ಲಿ ಉತ್ತಮ ಆಯಿಲ್ ಅಲ್ಲ. ಹಳೆಯ ಕಾರುಗಳಿಗೆಂದೇ ಮಾಡಿದ್ದನ್ನು ಕೊಳ್ಳಿ. ಕಾರು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ.

ಗೇರ್ ಬಾಕ್ಸಿನಲ್ಲಿ ನಿಜವಾದ ಅಪಾಯವಿದೆ. ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳುವ ಪೆಟ್ಟಿಗೆಗೆ ಜಿಎಲ್-5 ಹಾಕಿದರೆ ಕೆಲವು ಬಗೆಯವುಗಳಲ್ಲಿನ ಗಂಧಕದ ಅಂಶ ಹಿತ್ತಾಳೆ, ಕಂಚಿನ ಸಿಂಕ್ರೊ ಬಳೆಗಳನ್ನು (ಗೇರ್ ಸಲೀಸಾಗಿ ಬೀಳಲು ನೆರವಾಗುವವು) ತಿನ್ನಬಹುದು. ಅಂಕಿ ದೊಡ್ಡದಾದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು. ಕೆಲವು ಗೇರ್ ಬಾಕ್ಸುಗಳಿಗೆ ಎಂಜಿನ್ ಆಯಿಲೇ ಬೇಕು. 1959ರಲ್ಲಿ ಬಂದ ಮಿನಿಯಲ್ಲಂತೂ ಎಂಜಿನ್ ಮತ್ತು ಗೇರ್ ಬಾಕ್ಸ್ ಒಂದೇ ಆಯಿಲನ್ನು ಹಂಚಿಕೊಳ್ಳುತ್ತವೆ. ಹಳೆಯ ಏರ್-ಕೂಲ್ಡ್ ಬೀಟಲ್‌ನ ಎಂಜಿನ್ನಿಗೆ ಕಾಗದದ ಫಿಲ್ಟರೇ ಇಲ್ಲ, ಬರೀ ಜಾಲರಿ. ಹಾಗಾಗಿ ಸುಮಾರು ಐದು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿ ಟ್ಯಾಪೆಟ್ ನೋಡುವುದನ್ನು ತಪ್ಪಿಸುವಂತಿಲ್ಲ.

ಗ್ರೀಸ್ ನಿಪ್ಪಲ್‌ಗಳನ್ನು ಎಣಿಸಿ, ಕೈಪಿಡಿಯ ಸಂಖ್ಯೆಗೆ ತಾಳೆ ನೋಡಿ. ಯಾವಾಗಲೂ ಒಂದೆರಡು ಮಣ್ಣಿನಡಿ ಅಡಗಿರುತ್ತವೆ, ಸವೆದಿರುವುದೂ ಅವೇ. ತಲೆ ಒರೆಸಿ ಗನ್ ಹಚ್ಚಿ. ಒರೆಸದಿದ್ದರೆ ಮರಳನ್ನೇ ಒಳಗೆ ತಳ್ಳುತ್ತೀರಿ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಿ.

ಕಿಡಿಯ ಲೆಕ್ಕ

ಎಂಜಿನ್ ಜರ್ಕ್ ಹೊಡೆದರೆ, ಹೊತ್ತಿಕೊಳ್ಳಲು ಹಟ ಮಾಡಿದರೆ, ಎಲ್ಲರೂ ಮೊದಲು ಕಾರ್ಬುರೇಟರಿನ ಸ್ಕ್ರೂ ತಿರುಗಿಸುತ್ತಾರೆ. ದಯವಿಟ್ಟು ಬೇಡ. ಕಾರ್ಬುರೇಟರ್ ತಾನಾಗಿ ಸೆಟ್ಟಿಂಗ್ ಬದಲಿಸಿಕೊಳ್ಳುವುದಿಲ್ಲ. ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತ ಕಿಡಿ ಹುಟ್ಟಿಸುವ ಪಾಯಿಂಟ್ ಮಾತ್ರ ದಿನದಿನವೂ ಸವೆಯುತ್ತದೆ. ಕ್ರಮ ಹೀಗಿರಲಿ: ಟ್ಯಾಪೆಟ್, ಪ್ಲಗ್, ಪಾಯಿಂಟ್, ಟೈಮಿಂಗ್ (ಕಿಡಿ ಹಾರುವ ಗಳಿಗೆ), ಎಲ್ಲ ಮುಗಿದ ಮೇಲೆ ಕಾರ್ಬುರೇಟರ್. ಟ್ಯಾಪೆಟ್ ಹೊಂದಿಸುವಾಗ, ಎಂಟು ವಾಲ್ವ್ ಸಾಲಾಗಿರುವ ಹಲವು ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಒಂಬತ್ತರ ಸೂತ್ರ ನೆನಪಿಡಿ. ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು ಹೊಂದಿಸಿ. ಕೂಡಿದರೆ ಯಾವಾಗಲೂ ಒಂಬತ್ತು.

ಪ್ಲಗ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಮಾಸಲು ಕಂದು ಬಣ್ಣವಿದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಅಥವಾ ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ಬಿಳಿಚಿಕೊಂಡು ಸುಟ್ಟಂತಿದ್ದರೆ ಪೆಟ್ರೋಲ್ ಸಾಲದು, ಎಲ್ಲೋ ಗಾಳಿ ನುಸುಳುತ್ತಿದೆ. ಎಣ್ಣೆಯ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಒಂದೇ ಒಂದು ಪ್ಲಗ್ ಬೇರೆ ಬಣ್ಣದಲ್ಲಿದ್ದರೆ ಆ ಸಿಲಿಂಡರನ್ನು ವಿಚಾರಿಸಿ, ಇಡೀ ಎಂಜಿನ್ನನ್ನಲ್ಲ.

ಪಾಯಿಂಟ್ ಹೊಂದಿಸುವುದು:

1. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಬಿರುಕು, ಕಪ್ಪು ಗೆರೆ ಇದೆಯೇ ನೋಡಿ. ರೋಟರನ್ನು ಎಳೆದು ತೆಗೆಯಿರಿ.
2. ಎಂಜಿನ್ ಕೈಯಿಂದ ತಿರುಗಿಸುತ್ತ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ತುದಿಯ ಮೇಲೆ ಬಂದು, ಪಾಯಿಂಟ್ ಅತಿ ಹೆಚ್ಚು ತೆರೆದಿರುವಲ್ಲಿ ನಿಲ್ಲಿಸಿ.
3. ಸಂದಿಗೆ ಫೀಲರ್ ಗೇಜ್ ತೂರಿಸಿ. ಬಹಳಷ್ಟು ಕಾರುಗಳಿಗೆ 0.35ರಿಂದ 0.40 ಮಿ.ಮೀ. ಹಾಳೆ ಎರಡೂ ಬದಿಗೆ ತಾಗುತ್ತ, ಆದರೆ ತೋಳನ್ನು ತಳ್ಳದೆ ಜಾರಬೇಕು.
4. ಸ್ಕ್ರೂ ಬಿಗಿ ಮಾಡಿ ಮತ್ತೆ ಅಳೆಯಿರಿ. ಬಿಗಿ ಮಾಡುವಾಗಲೇ ಅದು ಸರಿಯುತ್ತದೆ.
5. ಕ್ಯಾಮಿಗೆ ಸಾಸಿವೆಯಷ್ಟು ಗ್ರೀಸ್, ನಡುವಿನ ಉಣ್ಣೆಗೆ ಎರಡು ಹನಿ ಆಯಿಲ್. ಹೆಚ್ಚಾದರೆ ಪಾಯಿಂಟಿಗೆ ಸಿಡಿದು ಕಿಡಿ ಕೆಡುತ್ತದೆ.

ಪಾಯಿಂಟ್ ಸಂದು ಬದಲಾದರೆ ಟೈಮಿಂಗ್ ಬದಲಾಗುತ್ತದೆ. ಹಿಮ್ಮಡಿ ಸವೆದು ಸಂದು ಕಿರಿದಾದಂತೆ ಕಿಡಿ ತಡವಾಗುತ್ತ ಹೋಗುತ್ತದೆ. ಆದ್ದರಿಂದ ಪಾಯಿಂಟ್ ಮುಗಿಸದೆ ಟೈಮಿಂಗ್ ಮುಟ್ಟಬಾರದು. ಪಾಯಿಂಟ್ ಮುಖ ಬೇಗ ಸುಟ್ಟು ಗುಂಡಿ ಬೀಳುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಹಳೆಯ ಕಂಡೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ಎಸೆಯಬೇಡಿ. ಹೊಸದು ಎಂಬ ಒಂದೇ ಕಾರಣಕ್ಕೆ ಹೊಸದು ಉತ್ತಮವಾಗಿರುವುದಿಲ್ಲ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಹಳೆಯ ಪಾಯಿಂಟ್ ಸೆಟ್ಟನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ: ಪಾಯಿಂಟ್ ಕುಂಟುತ್ತ ಮನೆ ಸೇರಿಸುತ್ತದೆ, ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಅಲ್ಲಿಗೆ ಮುಗಿಯಿತು.

ಹಲವು ಬ್ರಿಟಿಷ್ ಕಾರುಗಳಲ್ಲಿರುವ ಎಸ್‌ಯು ಕಾರ್ಬುರೇಟರ್ ಇದ್ದರೆ ಮೇಲಿನ ಮುಚ್ಚಳ ಬಿಚ್ಚಿ ಡ್ಯಾಂಪರಿನ ಆಯಿಲ್ ನೋಡಿ. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮುಗ್ಗರಿಸುತ್ತದೆ, ಜನ ಆಗಲೂ ಸ್ಕ್ರೂ ತಿರುಗಿಸುತ್ತಾರೆ.

ಏನೇ ಮಾಡಿ, ಒಮ್ಮೆಗೆ ಒಂದೇ ಬದಲಾವಣೆ. ಪ್ಲಗ್, ಕಾಯಿಲ್, ಟೈಮಿಂಗ್ ಮೂರನ್ನೂ ಒಂದೇ ಸಂಜೆ ಬದಲಿಸಿದವರಿಗೆ ಕಾರು ಸರಿಹೋದರೂ ಯಾವುದರಿಂದ ಎಂದು ತಿಳಿಯದು, ಕೆಟ್ಟರೂ ಯಾವುದರಿಂದ ಎಂದು ತಿಳಿಯದು.

ಬಿಸಿಯಾಗುವ ಕಾಯಿಲೆ

ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಒತ್ತಡ ಇಳಿದೊಡನೆ ನೀರು ಆವಿಯಾಗಿ ಮುಖಕ್ಕೆ ಹಾರುತ್ತದೆ. ಬರೀ ನೀರು ಹಾಕಿ ಓಡಿಸುವುದೂ ಬೇಡ. ಚಳಿಯೇ ಇಲ್ಲದ ಊರಿನಲ್ಲೂ ಕೂಲೆಂಟ್ ಬೇಕಾಗುವುದು ತುಕ್ಕು ತಡೆಯಲು, ಕುದಿಬಿಂದು ಏರಿಸಲು. ಹಳೆಯ ಎಂಜಿನ್‌ಗಳಿಗೆ ಐಎಟಿ ಎಂಬ ಹಳೆಯ ಬಗೆಯ ಕೂಲೆಂಟೇ ಸುರಕ್ಷಿತ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕಾರು ಕಾಯುತ್ತಿದ್ದರೆ ಅಗ್ಗದ್ದರಿಂದ ಶುರುಮಾಡಿ. ಫ್ಯಾನ್ ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿ.ಮೀ. ತಗ್ಗಬೇಕು. ರೇಡಿಯೇಟರಿನ ರೆಕ್ಕೆಗಳಲ್ಲಿ ಹುಳು, ಕಸ ತುಂಬಿರಬಹುದು. ಮುಚ್ಚಳದ ಸ್ಪ್ರಿಂಗ್ ಸೋತಿರಬಹುದು. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ತೆರೆಯುತ್ತದೆಯೇ ನೋಡಿ. ಕೆಟ್ಟಿದ್ದರೆ ಹೊಸದು ಹಾಕಿ, ಕಿತ್ತು ಖಾಲಿ ಬಿಡಬೇಡಿ. ತಡವಾದ ಟೈಮಿಂಗ್ ಕೂಡ ಎಂಜಿನ್ ಕಾಯಿಸುತ್ತದೆ. ಎಂಜಿನ್ ಆರಿಸಿದ ಮೇಲೆ ರೇಡಿಯೇಟರಿನ ಮೇಲೆ ಕೈ ಆಡಿಸಿದಾಗ ತಣ್ಣಗಿನ ಪಟ್ಟಿಗಳು ಸಿಕ್ಕರೆ ಒಳಗೆ ಕಟ್ಟಿಕೊಂಡಿದೆ. ಆಯಿಲ್ ಮುಚ್ಚಳದ ಕೆಳಗೆ ಕೆನೆಯಂಥದ್ದು ಕಂಡರೆ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಅಳಬೇಡಿ; ಚಿಕ್ಕ ಓಡಾಟದ ಕಾರಿನಲ್ಲಿ ತೇವವೂ ಹಾಗೆ ಮಾಡುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಕೆನೆ, ಜೊತೆಗೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಮಾತ್ರ ಅದು ಗ್ಯಾಸ್ಕೆಟ್.

ತುಕ್ಕು

ಯಾಂತ್ರಿಕ ಭಾಗ ಯಾವುದೂ ಕಾರನ್ನು ಕೊಲ್ಲುವುದಿಲ್ಲ, ಕೊಲ್ಲುವುದು ತುಕ್ಕು. ಕಾರ್ಪೆಟ್ ಎತ್ತಿ ನೆಲ ನೋಡಿ, ಅಡಿಯ ಹಾಸು ಒದ್ದೆಯಿದ್ದರೆ ಒಣಗಿಸಿ ನೀರು ಬರುವ ದಾರಿ ಹುಡುಕಿ. ಬಾಗಿಲಿನ ತಳ, ಸಿಲ್ (ಬಾಗಿಲ ಕೆಳಗಿನ ಉದ್ದನೆಯ ಟೊಳ್ಳು ಪಟ್ಟಿ), ಚಕ್ರದ ಗೂಡು, ಗಾಜಿನ ರಬ್ಬರಿನ ಕೆಳಗೆ ಸಣ್ಣ ಮ್ಯಾಗ್ನೆಟ್ ಓಡಿಸಿ. ಹಿಡಿಯದ ಕಡೆ ಬಣ್ಣದಡಿ ಇರುವುದು ಕಬ್ಬಿಣವಲ್ಲ, ಪುಟ್ಟಿ. ಬಾಗಿಲು ಮತ್ತು ಸಿಲ್‌ಗಳ ನೀರು ಇಳಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಟೊಳ್ಳು ಭಾಗಗಳಿಗೆ ಮೇಣದ ಸ್ಪ್ರೇ ಹೊಡೆಸಿ. ಪಾಲಿಶ್ ಈಗ ಮಾಡಬಹುದು.

ಓಡಿಸುವುದು, ನಿಲ್ಲಿಸುವುದು

ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಆರೈಕೆ ಎಂದು ಅನೇಕರು ತಿಳಿದಿದ್ದಾರೆ. ಅದು ನಿಧಾನ ವಿಷ. ತಣ್ಣನೆಯ ಎಂಜಿನ್ನಿನಲ್ಲಿ ಹುಟ್ಟಿದ ನೀರಾವಿ ಆಯಿಲ್ ಮತ್ತು ಸೈಲೆನ್ಸರಿನಲ್ಲೇ ಉಳಿಯುತ್ತದೆ. ಹೊರಟರೆ ಅರ್ಧ ಗಂಟೆಯಾದರೂ ಓಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ. ಕಾರು ಆರೋಗ್ಯವಾಗಿರುವಾಗ ಬಿಸಿ ಎಂಜಿನ್ನಿನ ಆಯಿಲ್ ಪ್ರೆಶರ್ ಎಷ್ಟು, ತಾಪದ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದೆ ಹೋಲಿಸಲು ಅದೇ ಆಧಾರ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ರೋಟರ್, ಪಾಯಿಂಟ್, ಕಂಡೆನ್ಸರ್, ಎರಡು ಪ್ಲಗ್, ಫ್ಯೂಸ್, ಒಂದಿಷ್ಟು ತಂತಿ, ಆಯಿಲ್, ನೀರು ಇರಲಿ.

ತಿಂಗಳುಗಟ್ಟಲೆ ನಿಲ್ಲಿಸುವಾಗ ಕಬ್ಬಿಣದ ಟ್ಯಾಂಕನ್ನು ಪೆಟ್ರೋಲ್ ಕೆಡದಂತೆ ಕಾಯುವ ದ್ರಾವಣ ಬೆರೆಸಿ ತುಂಬಿಸಿ, ಖಾಲಿ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ. ಹೊಸ ಆಯಿಲ್ ಹಾಕಿಯೇ ನಿಲ್ಲಿಸಿ. ಹಳೆಯ ಆಯಿಲಿನ ಆಮ್ಲ ಬೇರಿಂಗ್‌ಗಳನ್ನು ಕೆಡಿಸುತ್ತದೆ. ಟೈರಿಗೆ ಸ್ವಲ್ಪ ಹೆಚ್ಚು ಗಾಳಿ ತುಂಬಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಶೂ ಡ್ರಮ್ಮಿಗೆ ಅಂಟುತ್ತದೆ. ಅದನ್ನು ಬಿಟ್ಟು ಚಕ್ರಗಳಿಗೆ ಮರದ ತುಂಡು ಕೊಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಗಾಳಿಯಾಡುವ ಬಟ್ಟೆಯದಿರಲಿ. ಬ್ಯಾಟರಿ ಕಳಚಿ. ಕೊನೆಗೆ ಒಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ: ಬ್ಯಾಟರಿ ಕಳಚಿದೆ, ಹ್ಯಾಂಡ್ ಬ್ರೇಕ್ ಬಿಟ್ಟಿದೆ, ಟೈರಿನ ಗಾಳಿ ಇಳಿಸಬೇಕು. ಮೂರು ತಿಂಗಳ ನಂತರ ಇದ್ಯಾವುದೂ ನಿಮಗೆ ನೆನಪಿರುವುದಿಲ್ಲ.